ಬ್ರಾಡ್‌ಶೀಟ್ ಮತ್ತು ಟ್ಯಾಬ್ಲಾಯ್ಡ್: ಹಾಸನದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಇಪ್ಪತ್ತು ವರ್ಷ ಪತ್ರಿಕೆಗಳ ಡೆಸ್ಕಿನಲ್ಲಿ ಕೂತು ಸುದ್ದಿ ತಿದ್ದಿದವನು ನಾನು. ಈಗ ಶಾಲೆ, ಕಾಲೇಜುಗಳಿಗೆ ಹೋಗಿ ಪೇಪರ್ ಓದುವುದು ಹೇಗೆ ಅಂತ ಮಕ್ಕಳ ಜೊತೆ ಮಾತಾಡುತ್ತೇನೆ. ಬೇಲೂರಿರಲಿ, ಸಕಲೇಶಪುರ ಇರಲಿ, ಚಿಕ್ಕಮಗಳೂರಿರಲಿ, ಮಾತು ಮುಗಿದ ಮೇಲೆ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೆಲವರು ಪತ್ರ ಬರೆದು ಕೇಳಿದ್ದಾರೆ. ಕೆಲವರು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೇಳಿದ್ದಾರೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲು ಅಳತೆಯ ಮಾತು

ಬ್ರಾಡ್‌ಶೀಟ್ ಅಂದ್ರೆ ಏನು ಸಾರ್, ಟ್ಯಾಬ್ಲಾಯ್ಡ್ ಅಂದ್ರೆ ಏನು? ಸಿಂಪಲ್ಲಾಗಿ ಹೇಳಿ.

ಬೆಳಿಗ್ಗೆ ಬಾಗಿಲಿಗೆ ಬಂದು ಬೀಳುವ ದೊಡ್ಡ ಪೇಪರ್ ಬ್ರಾಡ್‌ಶೀಟ್. ಪ್ರಜಾವಾಣಿ, ಕನ್ನಡಪ್ರಭ, ಉದಯವಾಣಿ, ವಿಜಯ ಕರ್ನಾಟಕ ಎಲ್ಲ ಇದೇ ಅಳತೆಯವು. ಅದರ ಒಂದು ಪುಟವನ್ನು ಅಡ್ಡಕ್ಕೆ ಸರಿಯಾಗಿ ಅರ್ಧ ಮಡಿಸಿ. ಈಗ ಕೈಯಲ್ಲಿರುವುದು ಟ್ಯಾಬ್ಲಾಯ್ಡ್ ಪುಟದ ಅಳತೆ. ಲಂಕೇಶ್ ಪತ್ರಿಕೆ, ಹಾಯ್ ಬೆಂಗಳೂರ್ ನೋಡಿದವರಿಗೆ ಇಷ್ಟು ಸಾಕು.

ಸೆಂಟಿಮೀಟರಿನಲ್ಲಿ ಬೇಕೆಂದರೆ, ನಮ್ಮ ಕಡೆಯ ಬ್ರಾಡ್‌ಶೀಟ್ ಪುಟ ಸುಮಾರು 33ರಿಂದ 35 ಸೆಂ.ಮೀ. ಅಗಲ, 54ರಿಂದ 56 ಸೆಂ.ಮೀ. ಎತ್ತರ. ಟ್ಯಾಬ್ಲಾಯ್ಡ್ ಅದರ ಅರ್ಧ. ಇಂಗ್ಲೆಂಡ್, ಅಮೆರಿಕದ ಟ್ಯಾಬ್ಲಾಯ್ಡ್ ಸುಮಾರು 28 ಸೆಂ.ಮೀ. ಅಗಲ, 43 ಸೆಂ.ಮೀ. ಎತ್ತರ ಇರುತ್ತದೆ. ನಮ್ಮದು ಅದಕ್ಕಿಂತ ಕುಳ್ಳು.

ಮನೇಲಿರೋ ಪೇಪರ್ ನೋಡಿ ಕಂಡುಹಿಡಿಯೋದು ಹೇಗೆ? ಸ್ಕೇಲ್ ಇಟ್ಟು ಅಳೀಬೇಕಾ?

ಸ್ಕೇಲ್ ಬೇಡ. ಬೆರಳು ಸಾಕು.

ಬ್ರಾಡ್‌ಶೀಟ್ ಪುಟದ ಮೇಲಿನ ಅಂಚು, ಕೆಳಗಿನ ಅಂಚನ್ನು ಮುಟ್ಟಿ ನೋಡಿ. ಸಣ್ಣ ಗರಗಸದ ಹಲ್ಲಿನ ಹಾಗೆ ಇರುತ್ತದೆ. ಪಕ್ಕದ ಅಂಚು ಮಾತ್ರ ನುಣುಪು. ಕಾಗದ ದೊಡ್ಡ ಉರುಳೆಯಿಂದ ಬಿಚ್ಚಿಕೊಂಡು ಮಿಷನ್ನಿನೊಳಗೆ ಓಡುವಾಗ ಹಲ್ಲಿರುವ ಬ್ಲೇಡು ಅದನ್ನು ತುಂಡು ಮಾಡುತ್ತದೆ. ಅದರದ್ದೇ ಗುರುತು ಇದು. ಆ ಅಂಚಿನ ಹತ್ತಿರ ಸಾಲಾಗಿ ಸೂಜಿಯಲ್ಲಿ ಚುಚ್ಚಿದಂಥ ತೂತುಗಳೂ ಕಾಣಬಹುದು. ಮಡಿಸುವ ಯಂತ್ರದ ಪಿನ್ನುಗಳು ಹಾಳೆಯನ್ನು ಹಿಡಿದ ಜಾಗ ಅದು.

ಅದೇ ಮಿಷನ್ನಿನಲ್ಲಿ ಟ್ಯಾಬ್ಲಾಯ್ಡ್ ಅಚ್ಚಾದರೆ ಪುಟ ಅಡ್ಡ ತಿರುಗುತ್ತದೆ. ಹಾಗಾಗಿ ಗರಗಸದ ಅಂಚು ಪಕ್ಕಕ್ಕೆ ಬರುತ್ತದೆ, ಮೇಲೆ ಕೆಳಗೆ ನುಣುಪಾಗಿರುತ್ತದೆ. ಮಕ್ಕಳಿಗೆ ಇದನ್ನು ತೋರಿಸಿದರೆ ಕ್ಲಾಸ್ ಮುಗಿದ ಮೇಲೂ ಪೇಪರ್ ಕೆಳಗಿಡುವುದಿಲ್ಲ. ಪುಟದ ತುದಿಯಲ್ಲಿ ನೀಲಿ, ಕೆಂಪು ಗುಲಾಬಿ, ಹಳದಿ, ಕಪ್ಪು ಅಂತ ನಾಲ್ಕು ಸಣ್ಣ ಚುಕ್ಕೆಗಳನ್ನೂ ನೋಡಿ. ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂತಿವೆಯಾ ಅಂತ ಪ್ರಿಂಟರ್ ನೋಡಿಕೊಳ್ಳುವುದಕ್ಕೆ ಅವು.

ಟ್ಯಾಬ್ಲಾಯ್ಡ್ ಅನ್ನೋ ಪದ ಮಾತ್ರೆಯಿಂದ ಬಂತು ಅಂತಾರೆ. ನಿಜಾನಾ?

ನಿಜ. ಲಂಡನ್ನಿನಲ್ಲಿ ಬರೋಸ್ ವೆಲ್‌ಕಮ್ ಅಂತ ಔಷಧಿ ಕಂಪನಿ ಇತ್ತು. ಪುಡಿ ಔಷಧಿಯನ್ನು ಒತ್ತಿ ಪುಟ್ಟ ಮಾತ್ರೆ ಮಾಡಿ ಮಾರುತ್ತಿತ್ತು. ಆ ಮಾತ್ರೆಗೆ 1884ರಲ್ಲಿ ‘ಟ್ಯಾಬ್ಲಾಯ್ಡ್’ ಅಂತ ಹೆಸರಿಟ್ಟು ನೋಂದಾಯಿಸಿತು. ಜನ ಆ ಪದವನ್ನು ಚಿಕ್ಕದಾಗಿ ಒತ್ತಿದ್ದಕ್ಕೆಲ್ಲ ಬಳಸೋಕೆ ಶುರು ಮಾಡಿದರು. ಸುದ್ದಿಯನ್ನು ಒತ್ತಿ ಚಿಕ್ಕದು ಮಾಡಿ ಕೊಡುವ ಪತ್ರಿಕೆಗೂ ಅದೇ ಹೆಸರು ಬಂತು.

ಆಲ್ಫ್ರೆಡ್ ಹಾರ್ಮ್ಸ್‌ವರ್ತ್ ಎಂಬ ಇಂಗ್ಲಿಷ್ ಪತ್ರಿಕೋದ್ಯಮಿ 1901ರ ಜನವರಿ 1ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯ ಒಂದು ದಿನದ ಸಂಚಿಕೆಯನ್ನು ಚಿಕ್ಕ ಅಳತೆಯಲ್ಲಿ ತಂದರು. ಹೊಸ ಶತಮಾನದ ಪತ್ರಿಕೆ ಹೀಗಿರುತ್ತದೆ ಅಂತ ತೋರಿಸುವುದು ಅವರ ಆಸೆ. ಎರಡು ವರ್ಷ ಬಿಟ್ಟು, 1903ರಲ್ಲಿ, ಲಂಡನ್ನಿನಲ್ಲಿ ಡೈಲಿ ಮಿರರ್ ಶುರು ಮಾಡಿದರು.

ಅಷ್ಟು ದೊಡ್ಡ ಹಾಳೆ ಯಾಕೆ ಬೇಕಿತ್ತು? ಬಸ್ಸಲ್ಲಿ ಬಿಡಿಸೋಕೂ ಆಗಲ್ಲ.

ತೆರಿಗೆಯಿಂದ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಬ್ರಿಟನ್ನಿನಲ್ಲಿ 1712ರಲ್ಲಿ ಪತ್ರಿಕೆಗಳ ಮೇಲೆ ಸ್ಟ್ಯಾಂಪ್ ತೆರಿಗೆ ಬಂತು. ಲೆಕ್ಕ ಹಾಳೆಯ ಮೇಲಿತ್ತು. ಹಾಳೆ ಕಡಿಮೆ ಮಾಡಿ, ಇರುವ ಹಾಳೆಯನ್ನೇ ದೊಡ್ಡದು ಮಾಡಿ, ಸಣ್ಣ ಅಕ್ಷರ ತುಂಬಿದರೆ ಲಾಭ ಅಲ್ವಾ? 1815ರ ಹೊತ್ತಿಗೆ ಈ ತೆರಿಗೆ ಪ್ರತಿಗೆ 4 ಪೆನ್ಸ್ ಆಯಿತು. 1855ರಲ್ಲಿ ಹೋಯಿತು.

ತೆರಿಗೆ ಹೋದರೂ ದೊಡ್ಡ ಹಾಳೆ ಉಳಿಯಿತು. ಅಷ್ಟರಲ್ಲಿ ಮಿಷನ್ನುಗಳು ಆ ಅಳತೆಗೆ ತಯಾರಾಗಿದ್ದವು, ಜಾಹೀರಾತಿನವರಿಗೆ ದೊಡ್ಡ ಪುಟ ರುಚಿಸಿತ್ತು, ಓದುಗರಿಗೂ ದೊಡ್ಡ ಪತ್ರಿಕೆ ಅಂದರೆ ಗೌರವದ್ದು ಅನ್ನಿಸಿಬಿಟ್ಟಿತ್ತು. ಬಸ್ಸಿನ ಕಷ್ಟ ನಿಜ. ಸಕಲೇಶಪುರದಿಂದ ಬರುವ ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರು ಪೇಪರನ್ನು ಮಡಿಸಿ, ಮತ್ತೆ ಮಡಿಸಿ, ಕಾಲು ಪುಟ ಮಾಡಿಕೊಂಡು ಓದುವುದನ್ನು ದಿನಾ ನೋಡುತ್ತೇನೆ. ಲಂಡನ್ನಿನ ರೈಲುಗಳಲ್ಲೂ ಇದೇ ಕಷ್ಟ ಇತ್ತು. ಅಲ್ಲಿ ಟ್ಯಾಬ್ಲಾಯ್ಡ್ ಬೆಳೆದದ್ದರಲ್ಲಿ ಅದರ ಪಾಲು ದೊಡ್ಡದು.

ಬರ್ಲಿನರ್ ಅಂತ ಇನ್ನೊಂದು ಇದೆಯಂತೆ?

ಇದೆ. ಎರಡರ ಮಧ್ಯದ ಅಳತೆ, ಸುಮಾರು 31.5 ಸೆಂ.ಮೀ. ಅಗಲ, 47 ಸೆಂ.ಮೀ. ಎತ್ತರ. ಫ್ರಾನ್ಸಿನ ಲ ಮೋಂದ್ ಈ ಅಳತೆಯದು. ನಮ್ಮ ದೇಶದಲ್ಲಿ ಮಿಂಟ್ ಎಂಬ ಇಂಗ್ಲಿಷ್ ಪತ್ರಿಕೆ 2007ರಲ್ಲಿ ಶುರುವಾದಾಗ ಹೀಗಿತ್ತು.

ಡೈಲಿ ಪೇಪರ್ ಒಳಗೆ ಬರೋ ಚಿಕ್ಕ ಪುರವಣಿನೂ ಟ್ಯಾಬ್ಲಾಯ್ಡಾ?

ಅರ್ಧ ಅಳತೆಯದಾದರೆ ಹೌದು. ಅಡುಗೆ, ಸಿನಿಮಾ, ಮಕ್ಕಳ ಪುಟ ಏನಿದ್ದರೂ ಅಳತೆಯಲ್ಲಿ ಅದು ಟ್ಯಾಬ್ಲಾಯ್ಡೇ.

## ಗುಣದ ಮಾತು

ನಮ್ಮ ಮೇಷ್ಟ್ರು ಟ್ಯಾಬ್ಲಾಯ್ಡ್ ಓದಬೇಡಿ ಅಂತಾರೆ. ಟ್ಯಾಬ್ಲಾಯ್ಡ್ ಅಂದ್ರೆ ಕೆಟ್ಟ ಪತ್ರಿಕೆನಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರಿಸಲು ಅತಿ ಹೆಚ್ಚು ಇಷ್ಟಪಡುವ ಪ್ರಶ್ನೆಯೂ ಇದೇ.

ಈ ಪದಕ್ಕೆ ಎರಡು ಅರ್ಥ ಇವೆ. ಒಂದು ಕಾಗದದ ಅಳತೆ. ಇನ್ನೊಂದು ಬರೆಯುವ ರೀತಿ: ದೊಡ್ಡ ಹೆಡ್ಡಿಂಗು, ಅಪರಾಧ, ಹಗರಣ, ತಾರೆಯರ ಮನೆ ವಿಷಯ, ರೋಚಕ ಭಾಷೆ. ನಿಮ್ಮ ಮೇಷ್ಟ್ರು ಹೇಳುತ್ತಿರುವುದು ಎರಡನೆಯದನ್ನು. ಆದರೆ ಮಕ್ಕಳ ಕಿವಿಗೆ ಬೀಳುವುದು ಮೊದಲನೆಯದು. ಚಿಕ್ಕ ಪೇಪರ್ ಕಂಡರೆ ಸಾಕು, ಕೊಳಕು ಅಂದುಕೊಳ್ಳುತ್ತಾರೆ.

ಲಂಡನ್ನಿನ ದ ಟೈಮ್ಸ್ ಗಂಭೀರ ಪತ್ರಿಕೆ ಅಂತ ಎಲ್ಲರೂ ಒಪ್ಪುತ್ತಾರೆ. ಅದು 2004ರಿಂದ ಟ್ಯಾಬ್ಲಾಯ್ಡ್ ಅಳತೆಯಲ್ಲಿ ಬರುತ್ತಿದೆ. ಅದಕ್ಕಿಂತ ಮೊದಲೇ ದ ಇಂಡಿಪೆಂಡೆಂಟ್ ಆ ಅಳತೆಗೆ ಇಳಿದಿತ್ತು. ಆಗ ಅವರು ‘ಟ್ಯಾಬ್ಲಾಯ್ಡ್’ ಅನ್ನಲು ಹಿಂಜರಿದು ‘ಕಾಂಪ್ಯಾಕ್ಟ್’ ಅಂದರು. ಪದಕ್ಕೆ ಅಷ್ಟು ಕೆಟ್ಟ ಹೆಸರು ಅಂಟಿತ್ತು. ಗಾರ್ಡಿಯನ್ 2005ರಲ್ಲಿ ಬರ್ಲಿನರ್ ಆಯಿತು, 2018ರಲ್ಲಿ ಟ್ಯಾಬ್ಲಾಯ್ಡ್ ಆಯಿತು.

ಈಗ ತಿರುಗಿಸಿ ನೋಡಿ. ಜರ್ಮನಿಯ ಬಿಲ್ಡ್ ರೋಚಕ ಸುದ್ದಿಗೆ ಹೆಸರಾದದ್ದು. ಅಚ್ಚಾಗುವುದು ದೊಡ್ಡ ಹಾಳೆಯಲ್ಲಿ! ಬ್ರಿಟನ್ನಿನ ನ್ಯೂಸ್ ಆಫ್ ದ ವರ್ಲ್ಡ್ 1984ರವರೆಗೂ ಬ್ರಾಡ್‌ಶೀಟ್ ಆಗಿತ್ತು. ದೊಡ್ಡ ಹಾಳೆಯಲ್ಲಿದ್ದಾಗಲೂ ಅದು ಮಾರುತ್ತಿದ್ದದ್ದು ಅಪರಾಧ ಮತ್ತು ಹಗರಣವನ್ನೇ. ಜನರ ಫೋನ್ ಸಂದೇಶಗಳನ್ನು ಕದ್ದು ಕೇಳಿದ ಹಗರಣದಲ್ಲಿ ಸಿಕ್ಕಿ 2011ರಲ್ಲಿ ಮುಚ್ಚಿತು. ಅದು ಹುಟ್ಟಿದ್ದು 1843ರಲ್ಲಿ. ಹರ್ಮನ್ ಮೊಗ್ಲಿಂಗ್ ಅವರು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದದ್ದೂ ಅದೇ ವರ್ಷ. ಒಂದೇ ವರ್ಷದಲ್ಲಿ ಹುಟ್ಟಿದ ಎರಡು ಪತ್ರಿಕೆಗಳ ದಾರಿ ಎಷ್ಟು ಬೇರೆ ನೋಡಿ.

ಹಾಗಾಗಿ ಅಳತೆ ಒಂದು ಪ್ರಶ್ನೆ, ಗುಣ ಇನ್ನೊಂದು ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ನೋಡಿದ ತಕ್ಷಣ ಸಿಗುತ್ತದೆ. ಎರಡನೆಯದಕ್ಕೆ ಓದಲೇಬೇಕು.

ಒಂದೇ ಸುದ್ದಿನ ಎರಡು ಥರ ಬರೀತಾರೆ ಅಂತೀರಲ್ಲ, ಒಂದು ಉದಾಹರಣೆ ಕೊಡಿ.

ನಮ್ಮ ಜಿಲ್ಲೆಯ ನೋವನ್ನೇ ತೆಗೆದುಕೊಳ್ಳೋಣ. ಸಕಲೇಶಪುರದ ಕಡೆ ಬೆಳಿಗ್ಗೆ ತೋಟಕ್ಕೆ ಹೊರಟ ಕಾರ್ಮಿಕರೊಬ್ಬರು ಕಾಡಾನೆ ತುಳಿತಕ್ಕೆ ಸಿಕ್ಕಿ ತೀರಿಹೋದರು ಅಂದುಕೊಳ್ಳಿ. ಇಂಥ ಸುದ್ದಿಯನ್ನು ನಾನೇ ಎಷ್ಟೋ ಸಲ ತಿದ್ದಿದ್ದೇನೆ.

ಬ್ರಾಡ್‌ಶೀಟ್ ರೀತಿಯ ಹೆಡ್ಡಿಂಗು: ‘ಕಾಡಾನೆ ದಾಳಿ: ಕಾರ್ಮಿಕ ಸಾವು’. ಮೊದಲ ಸಾಲಿನಲ್ಲೇ ಯಾರು, ಎಲ್ಲಿ, ಯಾವಾಗ. ಆಮೇಲೆ ಅರಣ್ಯ ಇಲಾಖೆಯ ಅಧಿಕಾರಿ ಹೇಳಿದ್ದು, ಪರಿಹಾರದ ಮೊತ್ತ, ಗ್ರಾಮಸ್ಥರ ಪ್ರತಿಭಟನೆ, ಸ್ಥಳಕ್ಕೆ ಶಾಸಕರ ಭೇಟಿ. ಕಡೆಯ ಪ್ಯಾರಾ ಕತ್ತರಿಸಿದರೂ ಸುದ್ದಿ ಕೆಡದ ಹಾಗೆ ಬರೆದಿರುತ್ತಾರೆ. ಜಾಗ ಕಡಿಮೆ ಬಿದ್ದಾಗ ಡೆಸ್ಕಿನವರು ಕೆಳಗಿನಿಂದ ಕತ್ತರಿಸುವುದು ವಾಡಿಕೆ.

ಟ್ಯಾಬ್ಲಾಯ್ಡ್ ರೀತಿಯ ಹೆಡ್ಡಿಂಗು: ‘ಇನ್ನೆಷ್ಟು ಜೀವ ಬೇಕು?’ ಪುಟದ ಅರ್ಧ ಅದೇ. ವರದಿ ಶುರುವಾಗುವುದು ಸತ್ತವರ ಮನೆಯಿಂದ: ಒಲೆ ಮೇಲೆ ಹಾಗೇ ಉಳಿದ ಗಂಜಿ, ದಾರಿಯಲ್ಲಿ ಬಿದ್ದಿದ್ದ ಬುತ್ತಿ, ಶಾಲೆಯಿಂದ ಕರೆತಂದ ಮಗಳು. ಆಮೇಲೆ ಆನೆ ಬಂದಿದೆ ಅಂತ ಮೊದಲೇ ಗೊತ್ತಿದ್ದೂ ಎಚ್ಚರಿಕೆ ಕೊಡದವರು ಯಾರು ಎಂಬ ಪ್ರಶ್ನೆ.

ಯಾವುದು ಸರಿ? ನನ್ನ ಅನುಭವದಲ್ಲಿ ಮೊದಲನೆಯದು ಓದಿದವರಿಗೆ ವಿಷಯ ಗೊತ್ತಾಗುತ್ತದೆ, ಆದರೆ ಸಂಜೆಗೆ ಮರೆತುಹೋಗುತ್ತದೆ. ಎರಡನೆಯದು ಮನಸ್ಸಿನಲ್ಲಿ ನಿಲ್ಲುತ್ತದೆ. ಅಧಿಕಾರಿಗಳ ನಿದ್ದೆ ಕೆಡಿಸುವುದೂ ಅದೇ. ಆದರೆ ಎರಡನೆಯದರಲ್ಲಿ ಅಪಾಯವೂ ಜಾಸ್ತಿ. ವಿಚಾರಣೆ ಇಲ್ಲದೆ ಒಬ್ಬರನ್ನು ತಪ್ಪಿತಸ್ಥ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಶವದ ಫೋಟೊ ಮುಖಪುಟಕ್ಕೆ ಹಾಕುತ್ತಾರೆ. ಆ ಮಗಳು ನಾಳೆ ಶಾಲೆಗೆ ಹೋಗುವ ದಾರಿಯಲ್ಲಿ ಅಂಗಡಿ ಮುಂದೆ ಆ ಫೋಟೊ ತೂಗುತ್ತಿರುತ್ತದೆ. ಇದನ್ನು ಯಾವ ಪತ್ರಿಕೆ ಮಾಡಿದರೂ ತಪ್ಪು.

ದೊಡ್ಡ ಪೇಪರ್‌ನಲ್ಲಿ ಬಂದಿದೆ ಅಂದ್ರೆ ನಂಬಬಹುದು ಅಲ್ವಾ?

ಹಾಗೆ ಹೇಳಲಾರೆ. ನಮ್ಮ ಮನೆಯದೇ ಒಂದು ವಿಷಯ ಹೇಳುತ್ತೇನೆ.

ಕಾಫಿ ತೋಟದವರ ಒತ್ತುವರಿ ಸುದ್ದಿ ಜೋರಾಗಿದ್ದ ಕಾಲ. ಒಂದು ದೊಡ್ಡ ದಿನಪತ್ರಿಕೆಯಲ್ಲಿ ಒತ್ತುವರಿದಾರರ ಪಟ್ಟಿ ಬಂತು. ಅದರಲ್ಲಿ ನಮ್ಮ ತಂದೆಯ ಹೆಸರೂ ಇತ್ತು. ಸರ್ವೆ ನಂಬರಿನ ಎರಡು ಅಂಕೆ ಹಿಂದೆಮುಂದೆ ಆಗಿತ್ತು, ಅಷ್ಟೇ. ನಮ್ಮದು ಮೂರು ಎಕರೆ, ಅಜ್ಜನ ಕಾಲದಿಂದ ಕಂದಾಯ ಕಟ್ಟಿದ ಜಮೀನು. ಅಪ್ಪ ಪಹಣಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು. ಸಿಕ್ಕವರಿಗೆಲ್ಲ ಬಿಡಿಸಿ ತೋರಿಸುವರು. ತಿಂಗಳೊಳಗೆ ಮಡಿಕೆಯ ಜಾಗದಲ್ಲಿ ಕಾಗದ ಹರಿದೇಹೋಯಿತು. ತಿದ್ದುಪಡಿ ಬಂದದ್ದು ಹತ್ತೊಂಬತ್ತು ದಿನಗಳ ಮೇಲೆ, ಒಳಪುಟದ ಮೂಲೆಯಲ್ಲಿ, ನಾಲ್ಕು ಸಾಲು. ಅದಕ್ಕೂ ಮೊದಲೇ ಒಂದು ವಾರಪತ್ರಿಕೆ, ಟ್ಯಾಬ್ಲಾಯ್ಡು, ಅಪ್ಪನ ಪತ್ರವನ್ನು ಪೂರ್ತಿ ಅಚ್ಚು ಹಾಕಿತ್ತು. ನಾನು ಈ ಕೆಲಸಕ್ಕೆ ಬಂದದ್ದೇ ಆ ಹತ್ತೊಂಬತ್ತು ದಿನಗಳಿಂದ.

ಇನ್ನೊಂದು, ಕಾಸಿಗಾಗಿ ಸುದ್ದಿ. 2009ರ ಚುನಾವಣೆ ಹೊತ್ತಿನಲ್ಲಿ ಅಭ್ಯರ್ಥಿಗಳಿಂದ ಹಣ ಪಡೆದು ಪ್ರಚಾರವನ್ನೇ ಸುದ್ದಿ ಅಂತ ಅಚ್ಚು ಹಾಕಿದ ದೂರು ದೇಶದ ದೊಡ್ಡ ದೊಡ್ಡ ಪತ್ರಿಕೆಗಳ ಮೇಲೆ ಬಂತು. ಭಾರತೀಯ ಪತ್ರಿಕಾ ಮಂಡಳಿ ವಿಚಾರಣೆ ಮಾಡಿ 2010ರಲ್ಲಿ ವರದಿ ಕೊಟ್ಟಿತು. ಅಲ್ಲಿ ಕಾಗದದ ಅಳತೆಗೂ ತಪ್ಪಿಗೂ ಸಂಬಂಧ ಇರಲಿಲ್ಲ. ಈಗಲೂ ಪುಟದ ಮೂಲೆಯಲ್ಲಿ ಚಿಕ್ಕದಾಗಿ ‘ಜಾಹೀರಾತು’ ಅಂತ ಬರೆದಿರುವ, ಸುದ್ದಿಯ ಹಾಗೇ ಕಾಣುವ ಪುಟಗಳು ಬರುತ್ತವೆ. ಓದುವ ಮೊದಲು ಆ ಮೂಲೆ ನೋಡಿ.

## ಕನ್ನಡದ ಟ್ಯಾಬ್ಲಾಯ್ಡ್

ಕನ್ನಡದಲ್ಲಿ ಟ್ಯಾಬ್ಲಾಯ್ಡ್ ಅಂದ ತಕ್ಷಣ ಲಂಕೇಶ್ ಹೆಸರು ಯಾಕೆ ಬರುತ್ತೆ?

ಆ ಅಳತೆಗೆ ಕನ್ನಡದಲ್ಲಿ ಮರ್ಯಾದೆ ತಂದುಕೊಟ್ಟವರು ಅವರು. ಮುಂಬೈಯಲ್ಲಿ ಆರ್.ಕೆ. ಕರಂಜಿಯಾ ಅವರ ಬ್ಲಿಟ್ಜ್ 1941ರಿಂದಲೇ ಟ್ಯಾಬ್ಲಾಯ್ಡ್ ವಾರಪತ್ರಿಕೆಯಾಗಿ ಬರುತ್ತಿತ್ತು. ಕನ್ನಡದಲ್ಲಿ ಪಿ. ಲಂಕೇಶ್ 1980ರಲ್ಲಿ ‘ಲಂಕೇಶ್ ಪತ್ರಿಕೆ’ ಶುರು ಮಾಡಿದರು. ಕಪ್ಪು ಬಿಳುಪು, ಸಾಧಾರಣ ಕಾಗದ, ಜಾಹೀರಾತು ಇಲ್ಲ. ಆಗಿನ ಮುಖ್ಯಮಂತ್ರಿ ಗುಂಡೂರಾವ್ ಅವರ ಸರ್ಕಾರವನ್ನು ವಾರ ವಾರವೂ ಮುಲಾಜಿಲ್ಲದೆ ಟೀಕಿಸಿದ್ದು ಅದಕ್ಕೆ ದೊಡ್ಡ ಹೆಸರು ತಂದಿತು. ಆದರೆ ಅದೇ ಹಾಳೆಗಳಲ್ಲಿ ಕಥೆ ಇತ್ತು, ಕವಿತೆ ಇತ್ತು, ಜಗತ್ತಿನ ಸಾಹಿತ್ಯದ ಮಾತಿತ್ತು. ಹಗರಣದ ಪಕ್ಕದಲ್ಲೇ ಕವಿತೆ! ಹಳ್ಳಿ ಹೈಸ್ಕೂಲಿನ ಮೇಷ್ಟ್ರೂ ಬಸ್ ಕಂಡಕ್ಟರೂ ಒಂದೇ ಸಂಚಿಕೆ ಓದುತ್ತಿದ್ದರು.

ನಮ್ಮ ಕಡೆಗೆ ಈ ಕತೆಯಲ್ಲಿ ದೊಡ್ಡ ಪಾಲಿದೆ. ಮೂಡಿಗೆರೆಯ ತೋಟದಿಂದ ಪೂರ್ಣಚಂದ್ರ ತೇಜಸ್ವಿ ಆ ಪತ್ರಿಕೆಗೆ ಬರೆದರು. ಕಾಡು, ಹಕ್ಕಿ, ಮೀನು, ಊರಿನ ಜನರ ಸಂಗತಿಗಳನ್ನು ರಾಜಕೀಯ ಓದಲು ಬಂದವರೂ ಓದಿದರು. ಹಾಸನದಿಂದ ಬಾನು ಮುಷ್ತಾಕ್ ವರದಿಗಾರ್ತಿಯಾಗಿ ದುಡಿದರು. 2025ರಲ್ಲಿ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಬಂದಾಗ ನಮ್ಮೂರಿನಲ್ಲಿ ಎಷ್ಟೊಂದು ಸಂಭ್ರಮ! ಆ ವಾರ ಒಂದು ಕಾಲೇಜಿನಲ್ಲಿ ‘ಇವರು ಮೊದಲು ಟ್ಯಾಬ್ಲಾಯ್ಡ್ ವರದಿಗಾರ್ತಿ’ ಅಂತ ಹೇಳಿದೆ. ಹುಡುಗಿಯರು ಒಂದು ಕ್ಷಣ ಸುಮ್ಮನಾದರು. ಆ ಪದವನ್ನು ಅವರು ಹೊಗಳಿಕೆಯ ಜೊತೆ ಕೇಳಿದ್ದು ಅದೇ ಮೊದಲಿರಬೇಕು.

1995ರಲ್ಲಿ ರವಿ ಬೆಳಗೆರೆ ಅವರ ‘ಹಾಯ್ ಬೆಂಗಳೂರ್!’ ಬಂತು. ಅದರ ಬಲ ಅಪರಾಧ ಲೋಕದ ವರದಿ ಮತ್ತು ಕಥೆ ಹೇಳುವ ಗತ್ತು. ಲಂಕೇಶ್ 2000ದ ಜನವರಿಯಲ್ಲಿ ತೀರಿಕೊಂಡರು. ಪತ್ರಿಕೆಯನ್ನು ಮಗಳು ಗೌರಿ ಮುಂದುವರಿಸಿದರು, 2005ರಲ್ಲಿ ತಮ್ಮದೇ ಹೆಸರಿನ ವಾರಪತ್ರಿಕೆ ಮಾಡಿದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ಮನೆಯ ಮುಂದೆ ಅವರನ್ನು ಗುಂಡಿಕ್ಕಿ ಕೊಂದರು. ಚಿಕ್ಕ ಹಾಳೆಯ ಪತ್ರಿಕೆ ಅಂತ ಹಗುರವಾಗಿ ಮಾತಾಡುವವರಿಗೆ ನಾನು ಈ ದಿನಾಂಕವನ್ನು ನೆನಪಿಸುತ್ತೇನೆ.

ಜಾಹೀರಾತೇ ಇಲ್ಲದೆ ಪೇಪರ್ ನಡೆಸೋಕೆ ಆಗುತ್ತಾ?

ಆಗುತ್ತದೆ, ಓದುಗರು ಪೂರ್ತಿ ಬೆಲೆ ಕೊಟ್ಟರೆ. ನಿಮ್ಮ ಮನೆಗೆ ಬರುವ ದಿನಪತ್ರಿಕೆಗೆ ನೀವು ಕೊಡುವ ದುಡ್ಡಿನಲ್ಲಿ ಕಾಗದ, ಅಚ್ಚು, ಸಾಗಣೆ, ಏಜೆಂಟರ ಕಮಿಷನ್ ಎಲ್ಲ ಹುಟ್ಟುವುದಿಲ್ಲ. ಉಳಿದದ್ದನ್ನು ಜಾಹೀರಾತು ತುಂಬುತ್ತದೆ. ಜಾಹೀರಾತು ಬೇಡ ಅಂದ ವಾರಪತ್ರಿಕೆ ಪುಟ ಕಡಿಮೆ ಮಾಡಬೇಕು, ಬಣ್ಣ ಬಿಡಬೇಕು, ಬೆಲೆ ಏರಿಸಬೇಕು. ಬದಲಿಗೆ ಯಾರ ಹಂಗೂ ಇಲ್ಲ. ಆದರೆ ಮಾರಾಟ ಬಿದ್ದ ವಾರವೇ ತೊಂದರೆ ಶುರು. ಆಗ ಕೆಲವು ಪತ್ರಿಕೆಗಳು ಹೆಡ್ಡಿಂಗನ್ನು ಇನ್ನೂ ಜೋರು ಮಾಡುತ್ತವೆ. ಇನ್ನು ಕೆಲವು ‘ನಿಮ್ಮ ವಿಷಯ ಬರೆಯುತ್ತೇವೆ’ ಅಂತ ಹೆದರಿಸಿ ದುಡ್ಡು ಕೇಳುವ ಮಟ್ಟಕ್ಕೂ ಇಳಿದವು. ತಾಲ್ಲೂಕು ಕಚೇರಿಗಳ ಸುತ್ತ ಇಂಥದ್ದನ್ನು ನೋಡಿ ನೊಂದಿದ್ದೇನೆ. ಕನ್ನಡದ ಟ್ಯಾಬ್ಲಾಯ್ಡಿಗೆ ಕೆಟ್ಟ ಹೆಸರು ಬಂದದ್ದು ಅವರಿಂದ.

ಹಾಸನದಲ್ಲಿ ಲೋಕಲ್ ಪೇಪರ್‌ಗಳು ಇವೆಯಲ್ಲ, ಅವೆಲ್ಲ ಟ್ಯಾಬ್ಲಾಯ್ಡಾ?

ಅಲ್ಲ. ಸ್ಥಳೀಯ ಪತ್ರಿಕೆ ಅನ್ನುವುದು ಅಳತೆಯ ಹೆಸರಲ್ಲ. ಹಾಸನದ ‘ಜನತಾ ಮಾಧ್ಯಮ’, ಮೈಸೂರಿನ ‘ಆಂದೋಲನ’ ಇವೆಲ್ಲ ಜಿಲ್ಲೆ, ಪ್ರದೇಶದ ಮಟ್ಟದ ದಿನಪತ್ರಿಕೆಗಳು. ನಲ್ಲಿ ನೀರು ಯಾಕೆ ಬರಲಿಲ್ಲ, ಯಾವ ವಾರ್ಡಿನ ರಸ್ತೆ ಕಿತ್ತಿದೆ, ಎಪಿಎಂಸಿಯಲ್ಲಿ ಆಲೂಗಡ್ಡೆ ಯಾವ ದರಕ್ಕೆ ಹೋಯಿತು, ಇಂಥದ್ದಕ್ಕೆ ಅವೇ ಗತಿ. ಬೆಂಗಳೂರಿನ ಪತ್ರಿಕೆಗೆ ಅಷ್ಟು ಜಾಗ ಇರುವುದಿಲ್ಲ.

## ಒಳಗಿನ ಕೆಲಸ ತಿಳಿಯಬೇಕೆನ್ನುವವರಿಗೆ

ಟ್ಯಾಬ್ಲಾಯ್ಡ್ ಮಾಡಿದ್ರೆ ಕಾಗದ ಉಳಿಯುತ್ತೆ ಅಲ್ವಾ?

ಅದರಿಂದಲೇ ಉಳಿಯುವುದಿಲ್ಲ. 12 ಪುಟದ ಬ್ರಾಡ್‌ಶೀಟ್ ಮತ್ತು 24 ಪುಟದ ಟ್ಯಾಬ್ಲಾಯ್ಡ್ ತಿನ್ನುವ ಕಾಗದ ಒಂದೇ. ಅಷ್ಟೇ ಅಲ್ಲ, ಪ್ರತಿ ಪುಟದ ಸುತ್ತ ಬಿಳಿ ಅಂಚು ಬಿಡಬೇಕಲ್ಲ, ಪುಟ ಎರಡು ಪಟ್ಟಾದರೆ ಅಂಚೂ ಜಾಸ್ತಿ ಆಗುತ್ತದೆ, ಅಕ್ಷರಕ್ಕೆ ಸಿಗುವ ಜಾಗ ಸ್ವಲ್ಪ ಕಡಿಮೆಯೇ. ಉಳಿತಾಯ ಆಗುವುದು ಸುದ್ದಿಯನ್ನು ನಿಜವಾಗಿಯೂ ಚಿಕ್ಕದು ಮಾಡಿದಾಗ.

ಕಾಗದದ ಚಿಂತೆ ಸಣ್ಣದಲ್ಲ. ನಮ್ಮ ಪಕ್ಕದ ಭದ್ರಾವತಿಯ ಎಂಪಿಎಂ, ಅಂದರೆ ಮೈಸೂರು ಕಾಗದ ಕಾರ್ಖಾನೆಯಲ್ಲಿ, ನ್ಯೂಸ್‌ಪ್ರಿಂಟ್ (ಪತ್ರಿಕೆ ಅಚ್ಚಾಗುವ ಕಾಗದ) ತಯಾರಾಗುತ್ತಿತ್ತು. 2015ರ ಹೊತ್ತಿಗೆ ಅದು ನಿಂತಿತು. ಈಗ ದೇಶಕ್ಕೆ ಬೇಕಾದ ನ್ಯೂಸ್‌ಪ್ರಿಂಟಿನಲ್ಲಿ ದೊಡ್ಡ ಪಾಲು ಹೊರಗಿನಿಂದ ಬರಬೇಕು. ಡಾಲರ್ ಏರಿದರೆ ಹಾಸನದ ಸಣ್ಣ ಪತ್ರಿಕೆಯ ಪುಟವೂ ಇಳಿಯುತ್ತದೆ.

ಪುಟ ಕಟ್ಟೋರಿಗೆ ಯಾವುದು ಕಷ್ಟ?

ಎರಡೂ ಕಷ್ಟ, ಬೇರೆ ಬೇರೆ ರೀತಿಯಲ್ಲಿ. ಬ್ರಾಡ್‌ಶೀಟಿನಲ್ಲಿ ಸಾಮಾನ್ಯವಾಗಿ ಎಂಟು ಕಾಲಂ. ಮುಖಪುಟದಲ್ಲೇ ಎಂಟು ಹತ್ತು ಸುದ್ದಿಗೆ ಜಾಗ ಮಾಡಬೇಕು. ಯಾವುದು ದೊಡ್ಡದು, ಯಾವುದು ಚಿಕ್ಕದು ಅಂತ ಓದುಗರಿಗೆ ಒಂದೇ ನೋಟದಲ್ಲಿ ತಿಳಿಯಬೇಕು. ಅಂಗಡಿಯಲ್ಲಿ ಮಡಿಸಿ ಇಟ್ಟಾಗ ಕಾಣುವುದು ಮೇಲಿನ ಅರ್ಧ ಮಾತ್ರ. ಹಾಗಾಗಿ ಮುಖ್ಯವಾದದ್ದೆಲ್ಲ ಮಡಿಕೆಯ ಮೇಲೆ ಬರಬೇಕು.

ಟ್ಯಾಬ್ಲಾಯ್ಡಿಗೆ ಆ ತೊಂದರೆ ಇಲ್ಲ. ಹಾಸನದ ಹಳೇ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗಳಲ್ಲಿ ವಾರಪತ್ರಿಕೆಗಳನ್ನು ದಾರಕ್ಕೆ ಕ್ಲಿಪ್ ಹಾಕಿ ನೇತುಹಾಕುತ್ತಿದ್ದರು, ಬಟ್ಟೆ ಒಣಗಿಸಿದ ಹಾಗೆ. ಇಡೀ ಮುಖಪುಟ ಕಾಣುತ್ತಿತ್ತು. ಬಸ್ಸು ಹೊರಡುವಷ್ಟರಲ್ಲಿ ಜನ ಕೊಳ್ಳಬೇಕು. ಒಂದು ಫೋಟೊ, ನಾಲ್ಕು ಪದ, ಅಷ್ಟರಲ್ಲಿ ಎಲ್ಲ ಹೇಳಬೇಕು. ನಾಲ್ಕು ಪದದಲ್ಲಿ ಸುಳ್ಳು ಹೇಳದೆ ಜನರನ್ನು ನಿಲ್ಲಿಸುವುದು ಸುಲಭದ ಮಾತಲ್ಲ. ಹತ್ತು ಹೆಡ್ಡಿಂಗು ಬರೆದು ಒಂಬತ್ತನ್ನು ಹರಿದು ಹಾಕುವವರನ್ನು ನೋಡಿದ್ದೇನೆ.

ಪೇಪರ್‌ನಲ್ಲಿ ನಮ್ಮ ಬಗ್ಗೆ ತಪ್ಪಾಗಿ ಬರೆದಿದ್ದಾರೆ. ಏನ್ ಮಾಡ್ಲಿ?

ದೊಡ್ಡ ಪತ್ರಿಕೆ, ಚಿಕ್ಕ ಪತ್ರಿಕೆ ಎರಡಕ್ಕೂ ದಾರಿ ಒಂದೇ. ಮೊದಲು ಆ ಪುಟವನ್ನು ಪೂರ್ತಿ ಎತ್ತಿಡಿ. ಸುದ್ದಿ ಮಾತ್ರ ಕತ್ತರಿಸಬೇಡಿ, ದಿನಾಂಕ ಇರುವ ಭಾಗವೂ ಬೇಕು. ಸಂಪಾದಕರು, ಮುದ್ರಕರು, ಪ್ರಕಾಶಕರ ಹೆಸರು ಪತ್ರಿಕೆಯಲ್ಲೇ ಅಚ್ಚಾಗಿರುತ್ತದೆ. ಸಾಮಾನ್ಯವಾಗಿ ಕೊನೆಯ ಪುಟದ ತಳದಲ್ಲಿ, ಸಣ್ಣ ಅಕ್ಷರದಲ್ಲಿ. ಅದನ್ನು ಹಾಕಲೇಬೇಕು ಅಂತ ಕಾನೂನಿದೆ. ಸಂಪಾದಕರಿಗೆ ಪತ್ರ ಬರೆಯಿರಿ, ಯಾವ ಸಾಲು ತಪ್ಪು, ಸರಿ ಏನು, ದಾಖಲೆ ಯಾವುದು ಅಂತ. ಬೈಯಬೇಡಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಉತ್ತರ ಬರದಿದ್ದರೆ ದೆಹಲಿಯ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆ, ವಾರಪತ್ರಿಕೆ ಆದರೆ ಪ್ರಕಟವಾದ ಎರಡು ತಿಂಗಳೊಳಗೆ. ಮಂಡಳಿ ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು. ದಂಡ, ಜೈಲು ಅದರ ಕೈಯಲ್ಲಿಲ್ಲ. ಮಾನನಷ್ಟದ ಮೊಕದ್ದಮೆ ಬೇರೆ ದಾರಿ. ಮೊದಲು ಐಪಿಸಿ 499, 500ನೇ ಸೆಕ್ಷನ್ನುಗಳಲ್ಲಿ ಇದ್ದದ್ದು ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. ಕೋರ್ಟಿಗೆ ಹೋಗುವ ಮೊದಲು ಒಬ್ಬ ಒಳ್ಳೆಯ ವಕೀಲರನ್ನು ಕೇಳಿ. ವರ್ಷಗಟ್ಟಲೆ ಅಲೆಯಬೇಕಾಗಬಹುದು.

ಅತ್ಯಾಚಾರಕ್ಕೆ ಒಳಗಾದವರ ಗುರುತು ಸಿಗುವ ಹಾಗೆ ಬರೆದಿದ್ದರೆ ಕಾಯಬೇಡಿ. ಅದು ಅಪರಾಧ. ಪೊಲೀಸರಿಗೆ ದೂರು ಕೊಡಿ.

ನಾವು ಗೆಳೆಯರು ಸೇರಿ ಚಿಕ್ಕಮಗಳೂರಲ್ಲಿ ಒಂದು ಪತ್ರಿಕೆ ಶುರು ಮಾಡಬೇಕು ಅಂತಿದ್ದೀವಿ. ಯಾವ ಅಳತೆ ಒಳ್ಳೇದು?

ವಾರಕ್ಕೊಮ್ಮೆ ಆದರೆ ಟ್ಯಾಬ್ಲಾಯ್ಡ್ ಮಾಡಿ. ದೀರ್ಘ ವರದಿಗೆ ಅದು ಹೊಂದುತ್ತದೆ, ತೋಟದ ಮನೆಗಳಿಗೆ ಅಂಚೆಯಲ್ಲಿ ಕಳಿಸಲು ಸುಲಭ, ಹಾಳೆ ಕಡಿಮೆ ಇದ್ದರೂ ಕೈಯಲ್ಲಿ ಹಿಡಿದಾಗ ಪುಸ್ತಕದಂತೆ ಇರುತ್ತದೆ. ದಿನಪತ್ರಿಕೆ ಆದರೆ ನಾಲ್ಕು ಪುಟದ ಬ್ರಾಡ್‌ಶೀಟಿನಿಂದ ಶುರು ಮಾಡಿ. ಒಂದೇ ಹಾಳೆ, ಒಂದು ಮಡಿಕೆ, ಬೇಗ ಮುಗಿಯುತ್ತದೆ. ಮುದ್ರಣಾಲಯದವರ ಹತ್ತಿರ ಯಾವ ಅಗಲದ ಉರುಳೆ ಇದೆ ಅಂತ ಮೊದಲು ಕೇಳಿ, ಆಮೇಲೆ ಪುಟ ವಿನ್ಯಾಸ ಮಾಡಿಸಿ. ಇದನ್ನು ತಿರುಗಾಮುರುಗಾ ಮಾಡಿ ದುಡ್ಡು ಕಳೆದುಕೊಂಡವರಿದ್ದಾರೆ.

ಪತ್ರಿಕೆ ನೋಂದಣಿಯ ಕಾನೂನು ಬದಲಾಗಿದೆ. 1867ರ ಹಳೇ ಕಾಯ್ದೆ ಹೋಗಿ 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಶೀರ್ಷಿಕೆ, ನೋಂದಣಿ ಎರಡಕ್ಕೂ ಸರ್ಕಾರದ ವೆಬ್‌ಸೈಟ್ ಪ್ರೆಸ್ ಸೇವಾ ಪೋರ್ಟಲ್‌ನಲ್ಲೇ ಅರ್ಜಿ ಹಾಕಬೇಕು. ಬೇಕಾದ ಶೀರ್ಷಿಕೆ ಬೇರೆಯವರ ಹೆಸರಿನಲ್ಲಿ ಇರಬಹುದು, ಹಾಗಾಗಿ ಮೂರು ನಾಲ್ಕು ಹೆಸರು ಯೋಚಿಸಿಟ್ಟುಕೊಳ್ಳಿ.

ಮೊಬೈಲ್‌ನಲ್ಲಿ ಓದೋವಾಗ ಈ ವ್ಯತ್ಯಾಸಕ್ಕೆ ಅರ್ಥ ಇದೆಯಾ?

ಅಳತೆ ಹೋಯಿತು, ಗುಣ ಉಳಿಯಿತು. ಮೊಬೈಲಿನಲ್ಲಿ ಬಜೆಟ್ ಸುದ್ದಿಯ ಹೆಡ್ಡಿಂಗೂ ನಟಿಯ ಮದುವೆಯ ಹೆಡ್ಡಿಂಗೂ ಒಂದೇ ದಪ್ಪ. ಪುಟದಲ್ಲಿ ಯಾವುದು ಎಲ್ಲಿದೆ ಅನ್ನುವುದರಿಂದ ಸಿಗುತ್ತಿದ್ದ ಸುಳಿವು ಅಲ್ಲಿ ಸಿಗುವುದಿಲ್ಲ. ಬೆಳಿಗ್ಗೆ ಗಂಭೀರವಾಗಿ ಬರೆಯುವ ದಿನಪತ್ರಿಕೆಯೇ ಮೊಬೈಲಿಗೆ ‘ಮುಂದೇನಾಯ್ತು ನೋಡಿ’ ಅಂತ ಬರೆಯುವುದನ್ನು ನೋಡುತ್ತಿದ್ದೇವೆ. ಇ-ಪೇಪರ್ ತೆರೆದರೆ ಪುಟ ಹಾಗೇ ಕಾಣುತ್ತದೆ. ಆದರೆ ಬ್ರಾಡ್‌ಶೀಟ್ ಪುಟವನ್ನು ಫೋನಿನಲ್ಲಿ ಹಿಗ್ಗಿಸಿ ಕುಗ್ಗಿಸಿ ಓದುವುದರಲ್ಲಿ ಸಾಕಾಗುತ್ತದೆ. ಟ್ಯಾಬ್ಲಾಯ್ಡ್ ಪುಟ ಪರವಾಗಿಲ್ಲ.

ಅಪ್ಪ ಕೂಡಿಟ್ಟ ಹಳೇ ಲಂಕೇಶ್ ಪತ್ರಿಕೆ ಸಂಚಿಕೆಗಳು ಅಟ್ಟದ ಮೇಲಿವೆ. ರದ್ದಿಗೆ ಹಾಕಲಾ?

ದಯವಿಟ್ಟು ಬೇಡ. ಅರಸೀಕೆರೆಯ ಒಬ್ಬ ತಾಯಿ ಈ ಪ್ರಶ್ನೆ ಕೇಳಿದಾಗ ನಾನೇ ಅವರ ಮನೆಗೆ ಹೋಗಿ ನೋಡಿದೆ. ಅಂಚೆಲ್ಲ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿತ್ತು, ಮುಟ್ಟಿದರೆ ಪುಡಿ ಉದುರುತ್ತಿತ್ತು. ಒಳಗಿನ ಅಕ್ಷರ ಮಾತ್ರ ಕಪ್ಪಗೆ ಹಾಗೇ ಇತ್ತು.

ನ್ಯೂಸ್‌ಪ್ರಿಂಟ್ ಮರದ ತಿರುಳಿನಿಂದ ಆಗುವ ಅಗ್ಗದ ಕಾಗದ. ಬಿಸಿಲು, ಗಾಳಿ ತಾಗಿದರೆ ಹಳದಿಯಾಗುತ್ತದೆ. ಇಲ್ಲಿ ಚಿಕ್ಕ ಅಳತೆ ನಿಮಗೆ ಸಹಾಯ ಮಾಡುತ್ತದೆ. ಬ್ರಾಡ್‌ಶೀಟ್ ಯಾವಾಗಲೂ ಮಡಿಕೆಯಲ್ಲೇ ಹರಿಯುತ್ತದೆ. ಟ್ಯಾಬ್ಲಾಯ್ಡನ್ನು ಮಡಿಸದೆ ಬಿಡಿಸಿದಂತೆಯೇ ಪೆಟ್ಟಿಗೆಯಲ್ಲಿ ಇಡಬಹುದು. ಪಿನ್ ಹೊಡೆದಿದ್ದರೆ ತೆಗೆಯಿರಿ, ಅದು ತುಕ್ಕು ಹಿಡಿದು ಕಾಗದ ತಿನ್ನುತ್ತದೆ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ರಟ್ಟಿನ ಪೆಟ್ಟಿಗೆಯನ್ನು ನೆಲದಿಂದ ಮೇಲೆ, ಗೋಡೆಗೆ ತಾಗದ ಹಾಗೆ ಇಡಿ. ನಮ್ಮ ಮಲೆನಾಡಿನ ಗೋಡೆಗಳು ಜೂನ್‌ನಿಂದ ನೀರು ಕುಡಿಯುತ್ತವೆ. ಪ್ರತಿ ಪುಟದ ಫೋಟೊ ಹೊಡೆದಿಟ್ಟುಕೊಳ್ಳಿ, ಹಗಲ ಬೆಳಕಿನಲ್ಲಿ, ನೆರಳು ಬೀಳದ ಹಾಗೆ. ಇದನ್ನೆಲ್ಲ ಈ ಮಳೆಗಾಲ ಶುರುವಾಗುವ ಮೊದಲೇ ಮಾಡಿ.